ಎಂಟು, ಎರಡು, ಎಂಟು

ವಯಸ್ಸಾದವರ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿ ದುಡಿದ ಆ ಹೆಂಗಸಿಗೆ ಡಾಕ್ಟರ ಮೇಲೆ ಸಿಟ್ಟಿರಲಿಲ್ಲ, ಸಿಸ್ಟರುಗಳ ಮೇಲೂ ಇರಲಿಲ್ಲ. ಇದ್ದದ್ದೆಲ್ಲ ಔಷಧಿಯ ತಳ್ಳುಗಾಡಿಯ ಮೇಲೆ. ಅದು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಹೊರಡುತ್ತಿತ್ತು. ನಡುವೆ ಆಕಾಶ ಕಳಚಿ ಬಿದ್ದರೂ ಅದರ ಚಕ್ರ ಉರುಳುತ್ತಿರಲಿಲ್ಲ.

ಅಲ್ಲಿಗೆ ಬರುವವರು ಒಂದು ಕಾಯಿಲೆಗೆಂದು ಸೇರಿ, ಇನ್ನೊಂದನ್ನು ಜೊತೆಗೇ ಹೊತ್ತು ತರುತ್ತಿದ್ದರು. ಚೀಟಿಯಲ್ಲಿ ಜ್ವರ ಅಂತಲೋ ಸೊಂಟ ಮುರಿತ ಅಂತಲೋ ಇರುತ್ತಿತ್ತು. ಒಳಗೆ ನೋಡಿದರೆ ಮರೆವು, ನಡುಕ, ಹಳೆಯ ಪಾರ್ಶ್ವವಾಯು. ಜ್ವರ ಅಂದರೆ ನಾಲ್ಕು ಜನ ಓಡಿಬರುತ್ತಿದ್ದರು. ಮಿಕ್ಕಿದ್ದೆಲ್ಲ ಆಯಾಳ ತಲೆಗೆ. ಎತ್ತಿ ಕೂರಿಸು, ತುತ್ತು ಇಡು, "ನಮ್ಮನೆಯವ್ರು ಯಾವಾಗ ಬರ್ತಾರೆ" ಅನ್ನೋದಕ್ಕೆ ನಲವತ್ತನೇ ಸಲ ಉತ್ತರ ಹೇಳು.

ಏಳನೇ ಮಂಚದವರು ಮರಗೆಲಸದ ಮೇಸ್ತ್ರಿ. ಒಂಬತ್ತು ವರ್ಷದಿಂದ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ. ಅದರ ಗುಳಿಗೆ ಮೂರು ಗಂಟೆಗೊಂದು ಹೊಟ್ಟೆಗೆ ಬಿದ್ದರೆ ಮನುಷ್ಯ ನಡೆಯುತ್ತಾರೆ, ತಮಾಷೆ ಮಾಡುತ್ತಾರೆ; ತಪ್ಪಿದರೆ ಮರದ ಕೊರಡು. ಮನೆಯಲ್ಲಿ ಹೆಂಡತಿ ಅಲಾರಂ ಇಟ್ಟುಕೊಂಡು ಕೊಡುತ್ತಿದ್ದರು. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿದ ದಿನವೇ ಆಕೆ ತಂದ ಗುಳಿಗೆಗಳನ್ನು ನಿಯಮದ ಪ್ರಕಾರ ಕಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಎಂಟು, ಎರಡು, ಎಂಟು. ಹನ್ನೊಂದೂವರೆಗೆ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಗುಳಿಗೆಯ ಕಸುವು ಮುಗಿದು ಮೇಸ್ತ್ರಿ ಬಿಗಿದುಕೊಂಡು ಬಿದ್ದಿರುತ್ತಿದ್ದರು. ಫೈಲಿನಲ್ಲಿ ಬರೆದದ್ದು: ರೋಗಿ ಸಹಕರಿಸುವುದಿಲ್ಲ.

ಕಫ ಕರಗಿತು. ಡಾಕ್ಟರು ಹೆಂಡತಿಗೆ ಹೇಳಿದರು: "ನಾಳೆ ರೌಂಡ್ಸಲ್ಲಿ ಹತ್ತು ಹೆಜ್ಜೆ ನಡೆದ್ರೆ ಮನೆಗೆ. ಇಲ್ಲಾಂದ್ರೆ ಆರೈಕೆ ಕೇಂದ್ರಕ್ಕೆ ಕಳಿಸ್ಬೇಕಾಗುತ್ತೆ. ನಿಮ್ಮ ಕೈಲಿ ಎತ್ತೋಕಾಗಲ್ಲ."

ಆ ಕೇಂದ್ರದಲ್ಲಿ ಮನೆಯವರಿಗೆ ಪ್ರವೇಶ ಭಾನುವಾರ ಒಂದು ಗಂಟೆ. ನಲವತ್ತಾರು ವರ್ಷ ಜೊತೆಗಿದ್ದ ಹೆಂಗಸು ಸೆರಗಿನ ತುದಿ ಸುತ್ತುತ್ತಾ ನಿಂತರು. ಆಯಾ ನೇರ ಸಿಸ್ಟರ ಮೇಜಿನ ಹತ್ತಿರ ಹೋದಳು.

"ಸಿಸ್ಟರ್, ನಾಳೆ ಒಂದಿನ ಹತ್ತೂವರೆಗೆ ಇನ್ನೊಂದು ಗುಳಿಗೆ ಕೊಡಿ."

"ಚಾರ್ಟಲ್ಲಿ ಇಲ್ವಲ್ಲಕ್ಕ."

"ಹಾಗಾದ್ರೆ ಡಾಕ್ಟರು ಒಂಬತ್ತಕ್ಕೆ ಬಂದು ನೋಡ್ಲಿ."

"ಅದನ್ನ ನಾನು ಹೇಳ್ಲಾ, ನೀವು ಹೇಳ್ತೀರಾ?" ಸಿಸ್ಟರ್ ನಕ್ಕರು. ಅವರದೂ ತಪ್ಪಿರಲಿಲ್ಲ, ಇಪ್ಪತ್ತು ಮಂಚಕ್ಕೆ ಇಬ್ಬರು.

ಮರುದಿನ ಎಂಟಕ್ಕೆ ಗುಳಿಗೆ ಬಂತು. ಮುಕ್ಕಾಲು ಗಂಟೆಯಲ್ಲಿ ಮೇಸ್ತ್ರಿಯ ಮುಖ ಸಡಿಲಾಯಿತು.

"ಈ ಮಂಚ ಮಾಡಿದವನಿಗೆ ಅಳತೆಪಟ್ಟಿ ಯಾರೂ ಕೊಟ್ಟಿರಲಿಲ್ಲ ಅಂತ ಕಾಣುತ್ತೆ," ಎಂದರು.

"ಅದಿರ್ಲಿ, ಏಳಿ ಅಣ್ಣ. ಡಾಕ್ಟರ ಕೋಣೆಗೆ ಹೋಗೋಣ."

ಗಾಲಿಕುರ್ಚಿಯಿಲ್ಲದೆ ರೋಗಿಯನ್ನು ವಾರ್ಡಿನಿಂದ ಹೊರಗೆ ಕರೆದೊಯ್ಯಬಾರದೆಂದು ಬಾಗಿಲಲ್ಲೇ ಬರೆದಿತ್ತು. ಆಯಾ ಓದದವಳಂತೆ ಅದನ್ನು ದಾಟಿದಳು. ಉದ್ದನೆಯ ಮೊಗಸಾಲೆ, ಎಕ್ಸ್-ರೇ ಕೋಣೆ, ಆಮೇಲೊಂದು ತಿರುವು. ಮೇಸ್ತ್ರಿ ಅವಳ ಕೈ ಕೂಡ ಹಿಡಿಯಲಿಲ್ಲ. ಹೆಂಡತಿ ಹಿಂದೆ ಹಿಂದೆ ಬರುತ್ತಾ ಹೆಜ್ಜೆ ಎಣಿಸುತ್ತಿದ್ದರು. ನೂರಾದ ಮೇಲೆ ಬಿಟ್ಟರು.

ಕೋಣೆಗೆ ಬೀಗ. ಡಾಕ್ಟರು ಮೀಟಿಂಗಿನಲ್ಲಿದ್ದರು. ಈಗ ಬರ್ತಾರೆ ಎಂದ ಗುಮಾಸ್ತ. ಬೆಂಚಿನ ಮೇಲೆ ಕೂತರು. ಒಂಬತ್ತೂವರೆಯಾಯಿತು. ಹತ್ತಾಯಿತು. ಇಷ್ಟು ಬಂದು ವಾಪಸು ಹೋಗಲು ಆಯಾಳ ಹಟ ಬಿಡಲಿಲ್ಲ, ಆ ಹಟಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು. ಹತ್ತೂಮುಕ್ಕಾಲಿಗೆ ಮೇಸ್ತ್ರಿಯ ಮಾತು ನಿಂತಿತು. ಬೆರಳುಗಳು ಮೊಣಕಾಲ ಮೇಲೆ ಕುಣಿಯತೊಡಗಿದವು. ಡಾಕ್ಟರು ಬಂದಾಗ ಹನ್ನೊಂದು ದಾಟಿತ್ತು.

"ಏಳಿ ನೋಡೋಣ, ಮೇಸ್ತ್ರಿ."

ಮೇಸ್ತ್ರಿ ಏಳಲಿಲ್ಲ. ಪಾದ ನೆಲಕ್ಕೆ ಅಂಟಿಹೋಗಿತ್ತು. ಹೆಂಡತಿ ಮುಖ ತಿರುಗಿಸಿಕೊಂಡರು.

"ನೋಡಿದ್ರಲ್ಲಮ್ಮ," ಎಂದು ಡಾಕ್ಟರು ಮೆಲ್ಲಗೆ ಹೇಳಿ ಪೆನ್ನು ತೆಗೆದರು. "ಇವರನ್ನ ವಾರ್ಡಿಗೆ ವಾಪಸ್ ಬಿಡಿ. ಕುರ್ಚಿ ಎಲ್ಲಿ?"

"ಕುರ್ಚಿ ಇಲ್ಲ ಸಾರ್," ಎಂದಳು ಆಯಾ.

"ಮತ್ತೆ ಇಲ್ಲಿಗೆ ಹೇಗೆ ಬಂದ್ರು?"

ಆಯಾ ಮೊಗಸಾಲೆಯ ಕಡೆ ಕೈ ತೋರಿಸಿದಳು. ಡಾಕ್ಟರು ಬೆಂಚಿನ ಅಕ್ಕಪಕ್ಕ ನೋಡಿದರು, ಮೊಗಸಾಲೆಯ ತಿರುವಿನವರೆಗೂ ನೋಡಿದರು. ಪೆನ್ನು ಹಾಗೇ ನಿಂತಿತು.

"ಗುಳಿಗೆ ಎಷ್ಟೊತ್ತಿಗೆ ಕೊಟ್ಟಿದ್ರು?"

ಹದಿನೈದು ದಿನದಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಹೆಂಡತಿ ಇಲ್ಲಿ ಎಂಟಕ್ಕೆಂದು ಹೇಳಿ, ಒಂದೇ ಉಸಿರಿಗೆ ಮನೆಯಲ್ಲಿ ಕೊಡುತ್ತಿದ್ದ ಐದೂ ಹೊತ್ತು ಒಪ್ಪಿಸಿದರು. ಡಾಕ್ಟರು ಬೀರುವಿನ ಬೀಗ ತೆಗೆಸಿ ಗುಳಿಗೆ ಕೊಡಿಸಿದರು. ಹನ್ನೆರಡೂವರೆಗೆ ಮೇಸ್ತ್ರಿ ಡಾಕ್ಟರ ಮುಂದೆ ಹತ್ತಲ್ಲ, ಮೂವತ್ತು ಹೆಜ್ಜೆ ನಡೆದು, ಸಂಜೆ ಮನೆಗೆ ಹೋದರು.

ಮರುದಿನ ಆಯಾಳಿಗೆ ಆಫೀಸಿನಿಂದ ನೋಟಿಸು ಬಂತು. ನಡೆಯಲು ಬಾರದ ರೋಗಿಯನ್ನು ಅನುಮತಿಯಿಲ್ಲದೆ ನಡೆಸಿದ್ದಕ್ಕೆ ಕಾರಣ ಕೊಡಬೇಕಂತೆ. ಅವಳು ಎರಡು ಸಲ ಓದಿದಳು. ಗಾಡಿ ಎಂಟಕ್ಕೆ ಹೋಗಿ ಬಂದು ಮೂಲೆಯಲ್ಲಿ ನಿಂತಿತ್ತು, ಏಳನೇ ಮಂಚಕ್ಕೆ ಆಗಲೇ ಇನ್ನೊಬ್ಬ ನಡುಕದ ಮುದುಕ ಬಂದು ಬಿಗಿದುಕೊಂಡು ಮಲಗಿದ್ದ.

ಸಿಸ್ಟರ ಪೆನ್ನು ಕೇಳಿ ತೆಗೆದುಕೊಂಡು, ಅದೇ ಕಾಗದದ ಕೆಳಗೆ ಬರೆದಳು: "ನಾನು ನಡೆಸಲಿಲ್ಲ. ಅವರೇ ನಡೆದರು. ಈ ಹೊಸಬರಿಗೆ ಮನೆಯಲ್ಲಿ ಎಷ್ಟು ಹೊತ್ತಿಗೆ ಗುಳಿಗೆ ಕೊಡುತ್ತಿದ್ದರು ಅಂತ ಯಾರಾದರೂ ಕೇಳಿದ್ದೀರಾ?"