ನೆಲ ಡೊಂಕಾದ ದಿನ

ಸಾಣೆ ಮಾವನ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಸ್ಕೇಟಿಂಗ್ ರಿಂಕಿನ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಕೋಣೆಯೊಂದರಲ್ಲಿ ಅವನು ಮೂವತ್ತೊಂದು ವರ್ಷದಿಂದ ಬೂಟಿನ ಬ್ಲೇಡುಗಳಿಗೆ ಸಾಣೆ ಹಿಡಿಯುತ್ತಿದ್ದ. ಕೆಲಸವಿಲ್ಲದ ಹೊತ್ತಿನಲ್ಲಿ ಮೇಜಿನ ಮೇಲಿನ ಕಬ್ಬಿಣದ ಪುಡಿ ಒರೆಸುತ್ತಿದ್ದ, ಒರೆಸಿದ ಬಟ್ಟೆ ಮಡಚುತ್ತಿದ್ದ, ಮಡಚಿದ್ದನ್ನು ಬಿಚ್ಚಿ ಮತ್ತೆ ಒರೆಸುತ್ತಿದ್ದ. ಅವನನ್ನು ಮಾವ ಎನ್ನುತ್ತಿದ್ದವರಲ್ಲಿ ಒಬ್ಬರೂ ಅವನಿಗೆ ಸಂಬಂಧಿಕರಲ್ಲ. ಹುಡುಗಿಯರೂ ಮಾವ ಎನ್ನುತ್ತಿದ್ದರು, ಅವರ ಅಮ್ಮಂದಿರೂ ಮಾವ ಎನ್ನುತ್ತಿದ್ದರು. ಲೆಕ್ಕ ಹಾಕಲು ಹೋದರೆ ತಲೆ ಕೆಡುತ್ತಿತ್ತು.

ಕೈಗಿಂತ ಚುರುಕು ಅವನ ಬಾಯಿ. ಆ ಬಾಯಿಗೆ ಪ್ರಿಯವಾದ ವಿಷಯ ಒಂದೇ, ಆಯ್ಕೆ. ಪ್ರತಿ ವರ್ಷ ಚಳಿ ಮುಗಿಯುವ ಹೊತ್ತಿಗೆ ದೇಶದ ತಂಡಕ್ಕೆ ಒಬ್ಬ ಫಿಗರ್ ಸ್ಕೇಟರ್ ಹುಡುಗಿಯನ್ನು ಆರಿಸಬೇಕು. ಇರುವುದು ಒಂದೇ ಜಾಗ. ಕೊನೆಯ ಟ್ರಯಲ್‌ನ ಅಂಕವನ್ನೂ ನೋಡಿ, ಇಡೀ ವರ್ಷದ ಆಟವನ್ನೂ ನೋಡಿ ಎಂದು ನಿಯಮದ ಪುಸ್ತಕ ಎರಡು ದೋಣಿಯಲ್ಲಿ ಕಾಲಿಟ್ಟು ನಿಂತಿತ್ತು. ಯಾವುದಕ್ಕೆ ಎಷ್ಟು ತೂಕವೆಂದು ಅದರಲ್ಲಿ ಬರೆದಿರಲಿಲ್ಲ. ಅದನ್ನು ತೀರ್ಮಾನಿಸಲು ಐದು ಜನರ ಸಮಿತಿ ಕೂರುತ್ತಿತ್ತು. ಸಮಿತಿ ಕೂರುವುದಕ್ಕೆ ವಾರ ಮೊದಲೇ ಮೆಟ್ಟಿಲ ಕೆಳಗೆ ಆ ವಾದವೆಲ್ಲ ಮುಗಿದಿರುತ್ತಿತ್ತು.

ಮಾವನದು ಒಂದು ದಿನದ ಪಕ್ಷ. "ಟ್ರಯಲ್ ದಿನ ನಿಂತವಳು ತಂಡಕ್ಕೆ, ಬಿದ್ದವಳು ಮನೆಗೆ. ಐಸಿಗೆ ನಂಟರಿಲ್ಲ, ಇಷ್ಟರಿಲ್ಲ," ಎನ್ನುತ್ತಿದ್ದ. ಬಿದ್ದವಳ ಪರವಾಗಿ ಯಾರಾದರೂ ಕಾರಣ ತೆಗೆದರೆ ಅವನ ಬಳಿ ಗಾದೆ ಸಿದ್ಧವಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ರಿಂಕಿನ ಹುಡುಗಿಯರು ಎಷ್ಟೇ ಪೆಟ್ಟಾಗಿ ಬಿದ್ದರೂ ಕಾರಣ ಹೇಳುವುದನ್ನೇ ಬಿಟ್ಟಿದ್ದರು.

ಈ ಹಟಕ್ಕೂ ಒಂದು ಹಿನ್ನೆಲೆಯಿತ್ತು. ಅವನ ತಂಗಿ ಹತ್ತೊಂಬತ್ತರ ವಯಸ್ಸಿನಲ್ಲಿ ಟ್ರಯಲ್ ಗೆದ್ದಿದ್ದಳು. ಆದರೆ ಸಮಿತಿಯವರು ಮೂರು ಗಂಟೆ ಮಾತಾಡಿ, ವರ್ಷದ ಆಟ ಎಂಬ ನೆಪ ಹಿಡಿದು, ಬೇಕಾದವರ ಮಗಳನ್ನು ಕಳಿಸಿದರು. ತಂಗಿ ಆಮೇಲೆ ಐಸಿನ ಮೇಲೆ ಕಾಲಿಡಲಿಲ್ಲ. ಅವಳ ಬೂಟು ಈಗಲೂ ಮಾವನ ಕಪಾಟಿನ ಮೇಲಿನ ಹಲಗೆಯಲ್ಲಿತ್ತು. ಮಾತಿನಿಂದ ಆಗುವ ಆಯ್ಕೆ ಎಂದರೆ ಅವನಿಗೆ ಮೈಯೆಲ್ಲ ಉರಿ.

ಈ ಸಲ ಸಮಿತಿಗೆ ರಿಂಕಿನ ಕೆಲಸಗಾರರೊಬ್ಬರನ್ನೂ ಸೇರಿಸಬೇಕೆಂದಾದಾಗ ಎಲ್ಲರೂ ಮಾವನ ಕಡೆಗೇ ಬೆರಳು ತೋರಿಸಿದರು. ಅವನಿಗೆ ಹಿಗ್ಗೋ ಹಿಗ್ಗು. ಹೆಂಡತಿ ಮಾತ್ರ, "ಇಷ್ಟು ದಿನ ಬಿಟ್ಟಿ ಮಾತು, ಇನ್ನು ಮಾತಿಗೆ ತೂಕ ಬರುತ್ತೆ, ಹುಷಾರು," ಎಂದಳು.

ಕಣದಲ್ಲಿ ಇಬ್ಬರಿದ್ದರು. ಇಬ್ಬರಿಗೂ ಅಡ್ಡಹೆಸರಿಟ್ಟವನು ಮಾವನೇ. ಒಬ್ಬಳು ಗುಬ್ಬಿ, ಹದಿನಾರರ ಪುಟ್ಟ ಹುಡುಗಿ. ಎಷ್ಟು ಸಲ ಬಿದ್ದರೂ ಪುಟಿದೇಳುವವಳು. ಇನ್ನೊಬ್ಬಳು ಕೊಕ್ಕರೆ. ಇಪ್ಪತ್ತಮೂರು ವರ್ಷ, ಉದ್ದ ಕಾಲು, ಕಡಿಮೆ ಮಾತು, ದಿನಾ ಬೆಳಗ್ಗೆ ಐದೂವರೆಗೆ ರಿಂಕಿನ ಬಾಗಿಲಲ್ಲಿ ಹಾಜರು. ಆ ವರ್ಷ ಕೊಕ್ಕರೆ ಆಡಿದಲ್ಲೆಲ್ಲ ಗುಬ್ಬಿಗಿಂತ ಮುಂದಿದ್ದಳು. ಎಂಟು ತಿಂಗಳಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ. ವಯಸ್ಸು ನೋಡಿದರೆ ಇದು ಅವಳ ಕೊನೆಯ ಅವಕಾಶ.

ಟ್ರಯಲ್‌ನ ಹಿಂದಿನ ದಿನ ಅವಳ ಬಲಗಾಲಿನ ಬ್ಲೇಡು ಬಾಗಿಲ ಹೊಸ್ತಿಲಲ್ಲಿ ಎದ್ದಿದ್ದ ಮೊಳೆಗೆ ತಾಗಿ ಅಂಚು ಮುಕ್ಕಾಯಿತು. ಹೊಸ ಸಾಣೆ ಕಾಲಿಗೆ ಹೊಂದಿಕೊಳ್ಳಲು ಮೂರು ದಿನ ಬೇಕು. ಆದರೆ ಮುಕ್ಕಾದದ್ದನ್ನು ಹಾಗೇ ಬಿಡುವಂತಿಲ್ಲ. ಅವಳ ತರಬೇತುದಾರಳು, ಎಲ್ಲರ ಬಾಯಲ್ಲಿ ಕೋಚಮ್ಮ, ಬೂಟು ಹಿಡಿದು ಮೆಟ್ಟಿಲ ಕೆಳಗೆ ಬಂದಳು. ಬಂದವಳೇ ವಾದಕ್ಕೆ ನಿಂತಳು.

"ಮಾವ, ನಾಳೆ ಇವಳಿಗೆ ಜ್ವರ ಬಂತು ಅಂತಿಟ್ಕೊಳ್ಳಿ. ಎಂಟು ತಿಂಗಳು ಆಡಿದ್ದೆಲ್ಲ ನೀರಿಗೆ ಹಾಕಿದ ಹಾಗಾ?"

"ಜ್ವರ ಬಂದ್ರೆ ಮಲಗಲಿ. ತಂಡದ ಜೊತೆ ಹೋದಾಗ ಜ್ವರ ಬಂದ್ರೆ ಎಂಟು ತಿಂಗಳ ಅಂಕ ಹೊದ್ಕೊಂಡು ಮಲಗ್ತಾಳಾ?"

"ಲೇಸು ಬಿಚ್ಚಿಹೋಗಬಹುದು."

"ಲೇಸು ಕಟ್ಟೋಕೆ ಬರದವಳಿಗೆ ತಂಡ ಯಾಕೆ?"

ಸಾಣೆಕಲ್ಲು ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು, ಇಬ್ಬರ ದನಿಯೂ ಏರುತ್ತಿತ್ತು. ಕೊನೆಗೆ ಕೋಚಮ್ಮ, "ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ," ಎಂದು ಬೂಟು ಎಳೆದುಕೊಂಡು ಹೋದಳು. ಗೆದ್ದೆನೆಂದು ಮಾವ ಮೀಸೆಯಲ್ಲೇ ನಕ್ಕ.

ಮರುದಿನ ಕೊಕ್ಕರೆ ಎರಡು ಸಲ ಬಿದ್ದಳು. ಕಣ್ಣು ಮುಚ್ಚಿ ಇಳಿಯಬಲ್ಲ ಜಿಗಿತಗಳೇ ಎರಡೂ. ಗುಬ್ಬಿ ಮಾತ್ರ ಹುಟ್ಟಿದಾಗಿನಿಂದ ಆಡದಷ್ಟು ಚೆನ್ನಾಗಿ ಆಡಿದಳು. ನೋಡುತ್ತಿದ್ದ ಮಾವನ ಕಣ್ಣಲ್ಲೂ ನೀರು ಬಂತು.

ಅದರ ಮಾರನೆಯ ದಿನ ಕೊಕ್ಕರೆ ಎಂದಿನಂತೆ ಸಾಣೆಗೆಂದು ಬೂಟು ತಂದು ಮೇಜಿನ ಮೇಲಿಟ್ಟಳು. ಕಣ್ಣು ಊದಿತ್ತು.

"ಏನಾಯ್ತಮ್ಮ?" ಎಂದ ಮಾವ.

"ಏನಿಲ್ಲ ಮಾವ. ನಿನ್ನೆ ಬೆಳಗ್ಗೆಯಿಂದ ಬಲಗಾಲು ನಿಲ್ತಾನೇ ಇರಲಿಲ್ಲ. ಹೆದರಿಕೊಂಡಿದ್ದೆ, ಅಷ್ಟೆ. ನಾನು ಇಷ್ಟು ಪುಕ್ಕಲು ಅಂತ ನಂಗೇ ಗೊತ್ತಿರಲಿಲ್ಲ." ಇಷ್ಟು ಹೇಳಿ ಹೊರಟುಹೋದಳು.

ಸ್ಕೇಟಿನ ಬ್ಲೇಡು ಚಾಕುವಿನ ಹಾಗಲ್ಲ. ಅದರ ಅಡಿಯಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂಥ ತಗ್ಗು, ತಗ್ಗಿನ ಎರಡೂ ಬದಿಗೆ ಒಂದೊಂದು ಅಂಚು. ಎರಡು ಅಂಚೂ ಒಂದೇ ಮಟ್ಟದಲ್ಲಿರಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾರಿ ಇಳಿಯುವ ಕಾಲಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಸಾಣೆ ಮುಗಿದ ಮೇಲೆ ಮಾವ ಬೂಟನ್ನು ತಲೆಕೆಳಗು ಮಾಡಿ, ಬ್ಲೇಡಿನ ಮೇಲೆ ಅಡ್ಡಲಾಗಿ ಸ್ಟೀಲಿನ ಪುಟ್ಟ ಸ್ಕೇಲೊಂದನ್ನು ಇಟ್ಟು ನೋಡುತ್ತಿದ್ದ. ಅದು ಮಗಳ ಕಂಪಾಸ್ ಬಾಕ್ಸಿನದು. ಮಗಳಿಗೆ ಮದುವೆಯಾಗಿ ಮಗುವಾದರೂ ಸ್ಕೇಲು ವಾಪಸು ಹೋಗಿರಲಿಲ್ಲ.

ಈಗ ಅಭ್ಯಾಸಬಲದಿಂದ ಸ್ಕೇಲು ಇಟ್ಟ. ಎಡಗಾಲಿನದರ ಮೇಲೆ ನೆಟ್ಟಗೆ ಕೂತಿತು. ಬಲಗಾಲಿನದರ ಮೇಲೆ ಓರೆಯಾಯಿತು. ತಿರುಗಿಸಿ ಇಟ್ಟ. ಮತ್ತೆ ಓರೆ. ಬ್ಲೇಡು ಹಿಡಿಯುವ ಕ್ಲಾಂಪನ್ನು ಮುಟ್ಟಿ ನೋಡಿದರೆ ಅದರ ತಿರುಪು ಬೆರಳಿಗೇ ಅಲುಗಾಡಿತು. ಮೊನ್ನೆ ಸ್ಕೇಲು ಇಟ್ಟಿದ್ದೆನಾ? ನೆನಪು ಮಾಡಿಕೊಂಡ. ಲೇಸಿನ ಮಾತು ನೆನಪಿತ್ತು, ಜ್ವರದ ಮಾತು ನೆನಪಿತ್ತು, ಸ್ಕೇಲು ಇಟ್ಟದ್ದು ನೆನಪಾಗಲಿಲ್ಲ. ಇಟ್ಟಿದ್ದರಲ್ಲವೇ ನೆನಪಾಗುವುದು.

ಮತ್ತೆ ಕಲ್ಲಿಗೆ ಹಿಡಿದರೆ ನಾಲ್ಕು ನಿಮಿಷದ ಕೆಲಸ. ಅಂಚು ಸಮವಾದರೆ ಬ್ರಹ್ಮನಿಗೂ ತಿಳಿಯುವುದಿಲ್ಲ. ಮಾವ ಕಲ್ಲು ತಿರುಗಿಸಿದ, ನಿಲ್ಲಿಸಿದ. ಮತ್ತೆ ತಿರುಗಿಸಿದ, ನಿಲ್ಲಿಸಿದ. ಕೊನೆಗೆ ಬೂಟನ್ನು ಹಾಗೆಯೇ ಎತ್ತಿ, ತಂಗಿಯ ಬೂಟಿನ ಪಕ್ಕ ಮೇಲಿನ ಹಲಗೆಯಲ್ಲಿಟ್ಟ.

ಸಮಿತಿ ಕೂರಲು ಇನ್ನೂ ಮೂರು ದಿನವಿತ್ತು. ಕೊಕ್ಕರೆ ದಿನಾ ಬಂದು, "ಆಯ್ತಾ ಮಾವ?" ಎಂದು ಕೇಳುವಳು. "ನಾಳೆ ಬಾ," ಎನ್ನುವನು. ಕಾಲು ಸುಟ್ಟ ಬೆಕ್ಕಿನಂತೆ ಮೆಟ್ಟಿಲ ಕೆಳಗೂ ಮನೆಗೂ ಓಡಾಡಿದ. ಮನೆಯಲ್ಲಿ ಚೆನ್ನಾಗಿದ್ದ ಬಾಗಿಲ ಚಿಲಕ ಬಿಚ್ಚಿದ, ಜೋಡಿಸಲು ಹೋಗಿ ಕೆಡಿಸಿದ. ಹೇಳಿದರೆ ಮೂವತ್ತೊಂದು ವರ್ಷದ ಹೆಸರು ಒಂದೇ ಏಟಿಗೆ ಮಣ್ಣುಪಾಲು. ಅದಾದರೂ ಹೋಗಲಿ, ಗುಬ್ಬಿ ಮಾಡಿದ ತಪ್ಪೇನು? ಟ್ರಯಲ್ ಗೆದ್ದವಳನ್ನು ಮಾತಿನಲ್ಲಿ ಸೋಲಿಸುವುದೆಂದರೆ ತಂಗಿಗೆ ಆದದ್ದೇ ಅಲ್ಲವೇ? ಹೇಳದಿದ್ದರೆ ಕೊಕ್ಕರೆ ಬದುಕಿಡೀ ತನ್ನನ್ನು ಪುಕ್ಕಲಿ ಎಂದುಕೊಂಡಿರುತ್ತಾಳೆ. ಅವಳು ಬ್ಲೇಡಿನ ಮೇಲೆ ಅನುಮಾನ ಪಡದಿದ್ದುದಕ್ಕೂ ಮಾವನ ಗಾದೆಯೇ ಕಾರಣ. ಇದು ಹೊಳೆದಾಗ ಅವನು ಚಿಲಕ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟ.

ಹೆಂಡತಿಗೆ ಹೇಳಿದ. ಅವಳು ಎಲ್ಲವನ್ನೂ ಕೇಳಿ, "ಮಾತು ಮನೆ ಕೆಡಿಸಿತು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ," ಎಂದಳು. ಆಮೇಲೆ ಅವನ ಕೈಯಿಂದ ಚಿಲಕ ತೆಗೆದಿಟ್ಟು, "ಬೂಟನ್ನ ಚೀಲದಲ್ಲಿ ಹಾಕ್ಕೊಂಡು ಹೋಗಿ. ಬರೀ ಬಾಯಲ್ಲಿ ಹೇಳಿದ್ರೆ ನಿಮ್ಮನ್ನ ಯಾರು ನಂಬ್ತಾರೆ," ಎಂದಳು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಐದು ಕುರ್ಚಿ. ಹಳೆಯ ತೀರ್ಪುಗಾರರೊಬ್ಬರು ಅಧ್ಯಕ್ಷರು. ಒಂದು ಗಂಟೆ ವಾದ ನಡೆಯಿತು. ಇಬ್ಬರು ಇಡೀ ವರ್ಷ ನೋಡಿ ಎಂದರು, ಇಬ್ಬರು ಟ್ರಯಲ್ ನೋಡಿ ಎಂದರು. ಮಾವ ಕಾಲ ಬಳಿಯಿದ್ದ ಚೀಲದ ಹಿಡಿಕೆ ತಿರುಚುತ್ತ ಕೂತಿದ್ದ. ಅವನ ವೋಟು ಎತ್ತ ಎಂದು ಎಲ್ಲರಿಗೂ ಗೊತ್ತೇ ಇದ್ದುದರಿಂದ ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆಯುತ್ತ, "ನೀವು ಒಂದು ದಿನದವರು ತಾನೇ?" ಎಂದರು.

ಮಾವ ಚೀಲದಿಂದ ಬೂಟು ತೆಗೆದು ಮೇಜಿನ ಮೇಲೆ ತಲೆಕೆಳಗಾಗಿ ಹಿಡಿದ. ಸ್ಕೇಲು ಇಟ್ಟ. ಸ್ಕೇಲು ಜಾರಿ ಬಿತ್ತು. ಎರಡನೆಯ ಸಲ ನಿಂತಿತು. ಅದು ಒಂದು ಕಡೆಗೆ ವಾಲಿದ್ದು ನಾಲ್ವರಿಗೂ ಕಂಡಿತು.

"ಇದು ಬಿದ್ದವಳ ಬಲಗಾಲು. ಸಾಣೆ ಹಿಡಿದವನು ನಾನು. ಹಿಡಿಯುವಾಗ ಇದೇ ವಾದ ಮಾಡ್ತಿದ್ದೆ. ಸ್ಕೇಲು ಇಡೋದು ಮರೆತೆ," ಎಂದ.

ಆಮೇಲಿನ ಗದ್ದಲ ಹೇಳಿ ಪ್ರಯೋಜನವಿಲ್ಲ. ತಾನೇ ಭಾಗಿಯಾದ ವಿಷಯದಲ್ಲಿ ಮಾವನಿಗೆ ವೋಟಿಲ್ಲ ಎಂದಾಯಿತು. ಉಳಿದದ್ದು ಎರಡಕ್ಕೆ ಎರಡು. ಯಾರೂ ಪಟ್ಟು ಬಿಡಲಿಲ್ಲ. ಕೊನೆಗೆ ಹತ್ತು ದಿನ ಬಿಟ್ಟು ಇಬ್ಬರಿಗೂ ಮತ್ತೊಂದು ಟ್ರಯಲ್, ಅದರಲ್ಲಿ ಗೆದ್ದವಳೇ ತಂಡಕ್ಕೆ ಎಂದು ತೀರ್ಮಾನ ಮಾಡಿದರು.

ಸುದ್ದಿ ತಿಳಿದು ಗುಬ್ಬಿಯ ತಾಯಿ ಮೆಟ್ಟಿಲ ಕೆಳಗೆ ಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ನಿಮ್ಮ ತಪ್ಪಿಗೆ ನನ್ನ ಮಗಳು ಎರಡು ಸಲ ಗೆಲ್ಲಬೇಕಾ?" ಅವಳು ಮಗಳ ಬೂಟುಗಳನ್ನು ಬೇರೆ ಊರಿನ ಸಾಣೆಯವನ ಬಳಿ ಒಯ್ದಳು. ಅವಳ ಹಿಂದೆ ಇನ್ನೂ ಹತ್ತು ಮನೆಯವರು ಹೋದರು. ಮೇಜಿನ ಮೇಲೆ ಒರೆಸಲು ಕಬ್ಬಿಣದ ಪುಡಿಯೂ ಇಲ್ಲದಾಯಿತು.

ಟ್ರಯಲ್‌ಗೆ ನಾಲ್ಕು ದಿನ ಇರುವಾಗ ಕೊಕ್ಕರೆ ಬಂದು ಬೂಟು ಮುಂದಿಟ್ಟಳು.

"ನೀನೂ ಬೇರೆ ಕಡೆ ಹೋಗಮ್ಮ," ಎಂದ ಮಾವ.

"ಅವರಿಗೆ ನನ್ನ ಕಾಲು ಗೊತ್ತಿಲ್ಲ. ನೀವೇ ಹಿಡೀರಿ. ಸ್ಕೇಲು ಮಾತ್ರ ನಾನು ಇಡ್ತೀನಿ."

ಮಾವ ಕ್ಲಾಂಪಿನ ತಿರುಪು ಬಿಗಿ ಮಾಡಿ, ಒಂದೂ ಮಾತಾಡದೆ ಸಾಣೆ ಹಿಡಿದ. ಅವಳು ಬಗ್ಗಿ, ಒಂದು ಕಣ್ಣು ಮುಚ್ಚಿ, ನಾಲ್ಕು ಕಡೆ ಸ್ಕೇಲು ಇಟ್ಟು ನೋಡಿದಳು. ಎಲ್ಲ ಕಡೆಯೂ ನೆಟ್ಟಗಿತ್ತು.

ಟ್ರಯಲ್ ದಿನ ಮಾವ ನೋಡಲು ಹೋಗಲಿಲ್ಲ. ಹೋಗುವ ಮುಖ ಎಲ್ಲಿತ್ತು? ಕೋಣೆಯಲ್ಲೇ ನಿಂತು ಬಟ್ಟೆ ಮಡಚಿದ, ಬಿಚ್ಚಿದ. ಆದರೂ ಕಿವಿಗೆ ಎಲ್ಲವೂ ಬೀಳುತ್ತಿತ್ತು. ಸರಿಯಾಗಿ ಇಳಿದರೆ ಬ್ಲೇಡು ಸರ್ರೆಂದು ಕೊಯ್ಯುವ ಸದ್ದು, ಬಿದ್ದರೆ ಧೊಪ್ಪೆಂದು ಸದ್ದು. ಮೊದಲು ಗುಬ್ಬಿ ಆಡಿದಳು. ಧೊಪ್ಪೆನ್ನಲಿಲ್ಲ. ಆಮೇಲೆ ಕೊಕ್ಕರೆ. ಒಂದು ಸರ್ರೆಂದಿತು. ಎರಡು. ಮೂರು, ನಾಲ್ಕು. ಇನ್ನು ಉಳಿದದ್ದು ಒಂದೇ ಜಿಗಿತ. ಮಾವನ ಬಾಯಿ ತನ್ನಷ್ಟಕ್ಕೆ ನಿಲ್ಲು, ನಿಲ್ಲು ಎನ್ನುತ್ತಿತ್ತು.

ಧೊಪ್ಪೆಂದಿತು.

ಅವನ ಕೈ ನಿಂತುಹೋಯಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಕೊಕ್ಕರೆ ಮೆಟ್ಟಿಲಿಳಿದು ಬಂದಾಗಲೂ ಬಟ್ಟೆ ಅರ್ಧ ಮಡಚಿದಂತೆಯೇ ಇತ್ತು. ಅವಳ ಕೂದಲಿನಲ್ಲಿ ಐಸಿನ ಪುಡಿ, ಕೈಯಲ್ಲಿ ಬೂಟು. ಮಾವ ಗಾಬರಿಯಿಂದ ಸ್ಕೇಲಿಗಾಗಿ ತಡಕಾಡಿದ. ಅವಳೇ ಅದನ್ನು ಎತ್ತಿಕೊಂಡು ಬಲಗಾಲಿನ ಬ್ಲೇಡಿನ ಮೇಲೆ ಇಟ್ಟು ಅವನ ಕಡೆಗೆ ತಿರುಗಿಸಿದಳು. ನೆಟ್ಟಗಿತ್ತು.

"ಒಂದು ದಿನದ್ದು ಏನು ಮಹಾ ಬಿಡಮ್ಮ," ಎಂದ. ಹೇಳಿದ ಮೇಲೆ ಯಾರ ಬಾಯಿಂದ ಯಾವ ಮಾತು ಬಂತೆಂದು ಅವನಿಗೇ ನಾಚಿಕೆಯಾಯಿತು.

ಕೊಕ್ಕರೆ ಅಳುತ್ತಿದ್ದವಳು ನಕ್ಕುಬಿಟ್ಟಳು. ಮೂಗು ಒರೆಸಿಕೊಂಡು, ಬೂಟುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಳು.

"ನಾನು ಹೆದರಲಿಲ್ಲ ಮಾವ. ಕಾಲೂ ನಿಂತಿತ್ತು, ನೆಲಾನೂ ಡೊಂಕಿರಲಿಲ್ಲ," ಎಂದಳು. "ಈ ಸಲ ಬಿದ್ದದ್ದು ನಾನೇ."