ಅಡಿಟಿಪ್ಪಣಿಯಿಂದ ಮೇಲೆ ಬಂದ ಮಾತು

ಪಿಎಚ್.ಡಿ. ಮಾಡುವವರಿಗೆ ನಾಲ್ಕು ಬುದ್ಧಿಮಾತು ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಬುದ್ಧಿಮಾತು ಓದಿ ಪ್ರಬಂಧ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ಹಾಗೆಂದು ನಾನೇನು ಬಾಯಿ ಮುಚ್ಚಿಕೊಂಡು ಕೂತವಳಲ್ಲ. ಮೈಸೂರಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತ, ಮಕ್ಕಳ ಪ್ರಬಂಧ ತಿದ್ದುತ್ತಲೇ ನನ್ನ ತಲೆ ಬೆಳ್ಳಗಾದದ್ದು.

ನಮ್ಮ ಕಡೆಯ ಸಂಶೋಧಕರಿಗೆ ಒಂದು ಚಾಳಿ ಇದೆ. ವಿಷಯ ಏನೇ ಇರಲಿ, ಮೊದಲ ಅಧ್ಯಾಯದಲ್ಲಿ ಮೈಸೂರು ಜಿಲ್ಲೆಯ ಅಕ್ಷಾಂಶ, ರೇಖಾಂಶ, ಮಳೆ, ಮಣ್ಣು ಎಲ್ಲ ಬಂದೇ ತೀರಬೇಕು. ಆಟೋ ಓಡಿಸುವವರ ಬಗ್ಗೆ ಬರೆಯುತ್ತಿದ್ದ ಒಬ್ಬ ಹುಡುಗ ಕಬಿನಿ ನದಿಯ ಉಗಮದಿಂದ ಶುರು ಮಾಡಿದ್ದ. "ನಿನ್ನ ಆಟೋ ನದೀಲಿ ಓಡುತ್ತೇನಪ್ಪಾ?" ಎಂದು ಕೇಳಿದೆ. ಅವನು ಬೇಜಾರು ಮಾಡಿಕೊಂಡು ಒಂದು ವಾರ ಇಲಾಖೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ನದಿಯನ್ನು ತೆಗೆದು, ಸ್ಟ್ಯಾಂಡಿನಲ್ಲಿ ಸವಾರಿಗಾಗಿ ಕಾಯುವ ಹೊತ್ತಿನಿಂದ ಶುರು ಮಾಡಿಕೊಂಡು ಬಂದ. ಓದಿ ಖುಷಿಯಾಗಿ ಅವನಿಗೆ ನಾನೇ ಕಾಫಿ ಕೊಡಿಸಿದೆ.

ಬರೆದದ್ದನ್ನು ಗಟ್ಟಿಯಾಗಿ ಓದಬೇಕು ಎನ್ನುವುದು ನನ್ನ ಇನ್ನೊಂದು ಹಟ. ಇಲಾಖೆಯಲ್ಲಿ ಓದಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಅವರೆಕಾಯಿ ಕಾಲದಲ್ಲಿ ನನ್ನ ವಿದ್ಯಾರ್ಥಿಗಳೆಲ್ಲ ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ನಡುಮನೆಯಲ್ಲಿ ನೆನೆಸಿದ ಕಾಳಿನ ದೊಡ್ಡ ಪಾತ್ರೆ, ಅದರ ಸುತ್ತ ನಾವು. ಒಬ್ಬರು ತಮ್ಮ ಅಧ್ಯಾಯ ಓದುವುದು, ಉಳಿದವರು ಕಾಳು ಹಿತುಕಿ ಸಿಪ್ಪೆ ಬಿಡಿಸುವುದು. ಯಾರೂ ಅಭಿಪ್ರಾಯ ಹೇಳಬೇಕಾಗಿಲ್ಲ. ಮಾತಿನಲ್ಲಿ ಹುರುಳಿದ್ದರೆ ಹಿತುಕುವ ಕೈ ತಾನಾಗಿ ನಿಲ್ಲುತ್ತದೆ. ಪುಟಗಟ್ಟಲೆ ಓದಿದರೂ ಕೈ ಓಡುತ್ತಲೇ ಇದ್ದರೆ ಸಾರಿಗೆ ಕಾಳು ಸಿಕ್ಕಿತು, ಪ್ರಬಂಧಕ್ಕೆ ಏನೂ ಸಿಗಲಿಲ್ಲ ಎಂದುಕೊಳ್ಳಬೇಕು. ಅಡಿಟಿಪ್ಪಣಿಗಳನ್ನೂ ಬಿಡದೆ ಓದಬೇಕು ಎಂಬುದು ಅಲ್ಲಿನ ಕಟ್ಟಳೆ.

ಆ ಗುಂಪಿನಲ್ಲಿ ಉದಯಗಿರಿ ಬಡಾವಣೆಯ ಒಬ್ಬಳು ಹುಡುಗಿ ಇದ್ದಳು. ಅವಳ ಅಜ್ಜ ನರಸೀಪುರದ ಕಡೆಯ ಹಳ್ಳಿಯಿಂದ ಕೂಲಿಗೆ ಬಂದು ಮೈಸೂರಿನಲ್ಲಿ ನಿಂತವರು. ತಾಯಿ ಮೈಸೂರಿನದೇ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ತಾಯಿ ದಿನಾ ಹೋಗಿಬರುವ ಶಿಫ್ಟ್ ಬಸ್ಸನ್ನೇ ಹುಡುಗಿ ವಿಷಯ ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಹೆಂಗಸರು ಏನು ಮಾತಾಡುತ್ತಾರೆ, ಯಾರ ಪಕ್ಕ ಕೂರುತ್ತಾರೆ, ಯಾರ ಕಷ್ಟಕ್ಕೆ ಯಾರಾಗುತ್ತಾರೆ ಎಂದು ವರ್ಷಗಟ್ಟಲೆ ಅವರ ಜೊತೆ ಓಡಾಡಿ ತಿಳಿದುಕೊಂಡಿದ್ದಳು. ನನಗೆ ಅವಳೆಂದರೆ ಒಂದು ಕೈ ಹೆಚ್ಚಿನ ಪ್ರೀತಿ. ಪಕ್ಷಪಾತ ಅನ್ನುವವರು ಅಂದುಕೊಳ್ಳಲಿ.

ಅವಳು ಕೊನೆಯ ಅಧ್ಯಾಯ ಓದಿದ ಭಾನುವಾರ ನಮ್ಮ ಕೈಗಳು ಎಲ್ಲೂ ನಿಲ್ಲಲಿಲ್ಲ. ಪುಟದ ತುಂಬ ನಮ್ಮ ದೊಡ್ಡ ಮೇಷ್ಟ್ರ ಮಾತುಗಳೇ. ದೊಡ್ಡ ಮೇಷ್ಟ್ರು ಎಂದರೆ ನನ್ನ ಗುರುಗಳು, ನನಗೆ ಪಿಎಚ್.ಡಿ. ಮಾಡಿಸಿದವರು. ಊರು ಬಿಟ್ಟು ಮೈಸೂರಿನ ಕಾರ್ಖಾನೆಗಳಿಗೆ ಬಂದವರ ಮೇಲೆ ಅವರು ಬರೆದ ಪುಸ್ತಕವನ್ನು ನಾವೆಲ್ಲ ಓದಿಯೇ ಬೆಳೆದದ್ದು. ಹೀಗೆ ಬಂದವರ ಎರಡನೇ ತಲೆಮಾರಿಗೆ 'ನಮ್ಮೂರು' ಎಂಬ ಭಾವನೆ ಅಳಿಸಿಹೋಗುತ್ತದೆ ಎನ್ನುವುದು ಆ ಪುಸ್ತಕದ ತೀರ್ಮಾನ. ಹುಡುಗಿ ಅದನ್ನೇ ಗಿಳಿಪಾಠ ಒಪ್ಪಿಸಿ, ಕೊನೆಯ ಅಡಿಟಿಪ್ಪಣಿಗೆ ಬಂದಾಗ ದನಿ ತಗ್ಗಿಸಿದಳು. ಉದಯಗಿರಿಯಲ್ಲೇ ಹುಟ್ಟಿದ ಹೆಂಗಸರೂ ತಮ್ಮ ಅಪ್ಪನ ಊರಿನ ಕಡೆಯವರಿಗೆ ಬಸ್ಸಿನಲ್ಲಿ ಸೀಟು ಹಿಡಿದಿಡುತ್ತಾರೆ, ಒಂದು ದಿನವೂ ಬಾಳದ ಆ ಊರನ್ನೇ ನಮ್ಮೂರು ಎನ್ನುತ್ತಾರೆ, ಇದು ಅಪವಾದವಿರಬಹುದು ಎಂದು ಅದರಲ್ಲಿ ಬರೆದಿತ್ತು.

ಎಲ್ಲರ ಕೈ ನಿಂತಿತು.

"ಎಷ್ಟು ಜನ ಹಂಗಂದ್ರು?" ಎಂದು ಕೇಳಿದೆ.

"ಹೆಚ್ಚುಕಮ್ಮಿ ಎಲ್ರೂ ಮೇಡಂ."

"ಎಲ್ರೂ ಹೇಳಿದ್ದು ಅಪವಾದ ಹೆಂಗಾಗುತ್ತೆ ಕಣೇ? ಇದೇ ನಿನ್ನ ಪ್ರಬಂಧ. ಮಿಕ್ಕಿದ್ದೆಲ್ಲ ಸಿಪ್ಪೆ."

ಅವಳ ಕಣ್ಣು ತುಂಬಿತು. "ಎಂಗೆ ಮೇಡಂ ಮೇಲಕ್ಕೆ ತರ್ಲಿ? ದೊಡ್ಡ ಮೇಷ್ಟ್ರು ತಪ್ಪು ಅಂತ ನಾನು ಬರೆಯೋದಾ? ಪರೀಕ್ಷಕರೆಲ್ಲ ಅವ್ರ ಶಿಷ್ಯರೇ. ಅವ್ರು ವಾಪಸ್ ಕಳಿಸ್ಬುಟ್ರೆ ಮತ್ತೆ ಎಷ್ಟು ವರ್ಷವೋ. ನಮ್ಮವ್ವಂಗೆ ಇನ್ನು ಕೈಲಾಗಲ್ಲ. ನಾನು ಕೆಲ್ಸಕ್ಕೆ ಸೇರ್ಲೇಬೇಕು."

ಅವಳ ಹೆದರಿಕೆ ಸುಳ್ಳಾಗಿರಲಿಲ್ಲ. ಪರೀಕ್ಷಕರಾಗಬಹುದಾದವರನ್ನು ನಾನು ಮನಸ್ಸಿನಲ್ಲೇ ನೆನೆದು ನೋಡಿದೆ. ಎಲ್ಲರೂ ದೊಡ್ಡ ಮೇಷ್ಟ್ರು ಬಂದರೆ ಎದ್ದು ನಿಲ್ಲುವವರೇ, ನನ್ನನ್ನೂ ಸೇರಿಸಿ. ಏನೂ ಆಗಲ್ಲ ಬರಿ ಎಂದು ಹೇಳುವುದು ಸುಲಭವಿತ್ತು. ಆದರೆ ಕಷ್ಟ ಬಂದರೆ ಪಡಬೇಕಾದವಳು ಅವಳು. ಹಾಗಾಗಿ ಆ ಅಧ್ಯಾಯವನ್ನು ಮೊದಲು ಅವರೆದುರಿಗೇ ಓದೋಣ ಎಂದೆ. ಅವಳು ಬೆಚ್ಚಿದಳು. ನಿಜ ಹೇಳಬೇಕೆಂದರೆ ನನಗೂ ಧೈರ್ಯವಿರಲಿಲ್ಲ.

ಮೇಷ್ಟ್ರು ಒಂಟಿಕೊಪ್ಪಲಿನಲ್ಲಿ ಮಗಳ ಮನೆಯಲ್ಲಿದ್ದರು. ನಾವು ಹೋದಾಗ ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಿದ್ದರು, ಸೋಲುತ್ತಲೂ ಇದ್ದರು. ನಮ್ಮನ್ನು ನೋಡಿ ಅವರಿಗೆ ಸಮಾಧಾನವೇ ಆಯಿತೆಂದು ಕಾಣುತ್ತದೆ. ಹುಡುಗಿ ನಡುಗುವ ದನಿಯಲ್ಲಿ ಹೊಸದಾಗಿ ತಿದ್ದಿದ ಪುಟ ತೆಗೆದಳು. "ಪೂಜ್ಯ ವಿದ್ವಾಂಸರ ಅಗಾಧ ಪಾಂಡಿತ್ಯಕ್ಕೆ ತಲೆಬಾಗುತ್ತಲೇ, ಅತ್ಯಂತ ವಿನಯಪೂರ್ವಕವಾಗಿ ಇಲ್ಲಿ ಗಮನಿಸಬಹುದಾದದ್ದೇನೆಂದರೆ..."

"ನಿಲ್ಲಿಸಮ್ಮ" ಎಂದರು ಮೇಷ್ಟ್ರು.

"ಏನ್ ಕಂಡ್ಕೊಂಡೆ, ಅದನ್ನ ನನಗೆ ಬಾಯಲ್ಲಿ ಹೇಳು."

ಅವಳು ಹೇಳಿದಳು. ಬಾಯಲ್ಲಿ ಹೇಳುವಾಗ ಅವಳ ದನಿ ನಡುಗಲಿಲ್ಲ. ಯಾರು ಯಾರಿಗೆ ಹೇಗೆ ಸೀಟು ಹಿಡಿಯುತ್ತಾರೆ, ಊಟದ ಬ್ಯಾಗನ್ನು ಕಿಟಕಿಯಿಂದ ಹೇಗೆ ಒಳಗೆ ಹಾಕುತ್ತಾರೆ ಎಂದು ಕೈಯಲ್ಲಿ ಮಾಡಿ ತೋರಿಸಿದಳು. ಮೇಷ್ಟ್ರು ಮುಂದಕ್ಕೆ ಬಾಗಿ ಕೇಳಿದರು.

"ಇದನ್ನೇ ಬರಿ" ಎಂದರು ಕೊನೆಗೆ. "ನನ್ನ ಪುಸ್ತಕದ ಹೆಸರು ಹಾಕು, ಪುಟ ಹಾಕು, ಇದು ಸರಿಯಿಲ್ಲ ಅಂತ ಬರಿ. ವಿನಯ ಎಲ್ಲ ತೆಗಿ. ಅದು ಜಾಗ ತಿನ್ನುತ್ತೆ ಅಷ್ಟೆ. ತಪ್ಪು ಅನ್ನೋದನ್ನ ನನ್ನ ಕಾಲಡಿ ಬಚ್ಚಿಟ್ರೆ ನನಗೇನು ಗೌರವ ಬಂತು?"

ದಾರಿಯಲ್ಲಿ ಅವಳು ನಗುತ್ತಿದ್ದಳು. ನಾನು ಮಾತ್ರ ಬಿಗುಮಾನದಿಂದ, ಮುನ್ನುಡಿಯನ್ನು ಎಲ್ಲಕ್ಕಿಂತ ಕೊನೆಗೆ ಬರಿ, ಒಂದು ವಾಕ್ಯದಲ್ಲಿ ಒಂದೇ ಮಾತು ಹೇಳು ಎಂದು ಉಪದೇಶ ಮಾಡುತ್ತ ಬಂದೆ. ಖುಷಿಯಾದಾಗ ನನಗೆ ಉಪದೇಶ ಜಾಸ್ತಿಯಾಗುತ್ತದೆ.

ಪ್ರಬಂಧ ಸಲ್ಲಿಸಿ ಕೆಲವು ತಿಂಗಳ ಮೇಲೆ ಮೌಖಿಕ ಪರೀಕ್ಷೆ ಬಂತು. ಯಾರು ಬೇಕಾದರೂ ಬಂದು ಕೇಳಬಹುದಾದ ಪರೀಕ್ಷೆ ಅದು. ದೊಡ್ಡ ಮೇಷ್ಟ್ರು ಬರುತ್ತಾರೆಂಬ ಸುದ್ದಿ ಹಬ್ಬಿ, ಅವರ ಶಿಷ್ಯರಾದ ನಾವೆಲ್ಲ ಮೊದಲ ಸಾಲಿನಲ್ಲಿ ಅವರ ಎಡಬಲಕ್ಕೆ ತುಂಬಿಕೊಂಡೆವು. ಹುಡುಗಿಯ ತಾಯಿ ಶಿಫ್ಟ್ ಬದಲಾಯಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರೂ ಮೇಷ್ಟ್ರ ಶಿಷ್ಯರೇ. ಅವರು ಕನ್ನಡಕ ತೆಗೆದು ಕೇಳಿದರು: "ಇಂಥ ಹಿರಿಯರ ತೀರ್ಮಾನವನ್ನ ನೀವು ತಪ್ಪು ಅಂತ ಹೇಳ್ತಿದೀರಾ?"

"ಹೌದು ಸರ್. ಈ ಒಂದು ವಿಷಯದಲ್ಲಿ ತಪ್ಪು."

ಪರೀಕ್ಷಕರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕೂತಲ್ಲಿಂದಲೇ ಕೈಯೆತ್ತಿದರು. "ನಂದೂ ಒಂದು ಪ್ರಶ್ನೆ. ನಾಳೆ ಇನ್ನೊಬ್ಬಳು ಹುಡುಗಿ ಬಂದು ನಿನ್ನ ಮಾತು ತಪ್ಪು ಅಂತ ತೋರಿಸ್ಬೇಕು ಅಂದ್ರೆ, ಅವಳು ಎಲ್ಲಿಂದ ಶುರು ಮಾಡ್ಬೇಕು?"

ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಗಂಡಸರಿಂದ ಸರ್. ನಾನು ಹೆಂಗಸರನ್ನಷ್ಟೇ ಕೇಳಿದೀನಿ. ಗಂಡಸರು ಅವರವರ ಬೈಕಲ್ಲಿ ಹೋಗ್ತಾರೆ, ಅವರಿಗೆ ಯಾರ ಸೀಟೂ ಹಿಡಿಯೋದಿರಲ್ಲ. ಅವರಿಗೆ ಊರು ಮರ್ತೇ ಹೋಗಿರಬಹುದು." ಅಲ್ಲಿಗೆ ನಿಲ್ಲಿಸಿ, ಮತ್ತೆ ಮೆಲ್ಲಗೆ ಅಂದಳು: "ತಾವು ಕೇಳಿದ್ದು ಗಂಡಸರನ್ನ ಸರ್. ಪುಸ್ತಕದಲ್ಲಿ ಒಬ್ಬ ಹೆಂಗಸೂ ಇಲ್ಲ."

"ಹೌದಲ್ಲಮ್ಮ" ಎಂದರು ಮೇಷ್ಟ್ರು. "ನಾನು ಹೆಂಗಸರನ್ನ ಕೇಳೇ ಇಲ್ಲ." ಆಮೇಲೆ ತಿರುಗಿ ನಮ್ಮ ಸಾಲನ್ನು ಉದ್ದಕ್ಕೂ ನೋಡಿದರು. "ಇಷ್ಟು ವರ್ಷ ಇಷ್ಟು ಜನ ಓದಿದ್ರಿ. ಒಬ್ರಾದ್ರೂ ನನಗೆ ಇದನ್ನ ಹೇಳ್ಬಾರ್ದಿತ್ತಾ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೌರವ ಕೊಟ್ಟು ಕೊಟ್ಟು ನಾವು ಅವರನ್ನು ಒಂಟಿ ಮಾಡಿಬಿಟ್ಟಿದ್ದೆವು. ಪರೀಕ್ಷಕರು ಕನ್ನಡಕ ಹಾಕಿಕೊಂಡು, ಪದವಿಗೆ ಶಿಫಾರಸು ಮಾಡಿರುವುದಾಗಿ ಹೇಳಿದರು. ಚಪ್ಪಾಳೆ ಬಿತ್ತು, ಹಿಂದಿನ ಸಾಲಿನಲ್ಲಿ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗಿ ವೇದಿಕೆಯಿಂದ ಇಳಿದು ಬಂದು ಮೇಷ್ಟ್ರ ಕಾಲು ಮುಟ್ಟಲು ಬಗ್ಗಿದಳು. ಅವರು ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿಕೊಂಡು, ಜೇಬಿನಿಂದ ಪೆನ್ನು ತೆಗೆದರು.

"ಆ ಬೈಕಿನ ವಿಚಾರ ಇನ್ನೊಂದ್ಸಲ ಹೇಳು" ಎಂದರು.