ಜಾರ್ಲತ್‌ಗೆ ಎರಡನೇ ಮತ

ಜಾರ್ಲತ್ ಲಾವೆಲ್ ಐರ್ಲೆಂಡಿನ ಸಂಸತ್ತಿಗೆ ಪ್ರತಿ ಚುನಾವಣೆಯಲ್ಲೂ ನಿಲ್ಲುತ್ತಾನೆ, ಪ್ರತಿ ಚುನಾವಣೆಯಲ್ಲೂ ಸೋಲುತ್ತಾನೆ; ಭಿತ್ತಿಪತ್ರದಲ್ಲಿ ಮಾತ್ರ ಅವನ ಕೂದಲು ಇನ್ನೂ ಕಪ್ಪಗಿದೆ. ಭಾನುವಾರದ ಪೂಜೆ ಮುಗಿಯುವ ಮೊದಲೇ ಚರ್ಚಿನ ಗೇಟಿನ ಬಳಿ ಹಾಜರಿರುತ್ತಾನೆ, ಶವಸಂಸ್ಕಾರದಲ್ಲಿ ಸತ್ತವರ ಮನೆಯವರಿಗಿಂತ ಹೆಚ್ಚು ಕೈ ಕುಲುಕುತ್ತಾನೆ. ಮತಪತ್ರದಲ್ಲಿ ಹೆಸರುಗಳ ಮುಂದೆ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆಯಬೇಕಲ್ಲ, ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಊರವರೆಲ್ಲ, "ಎರಡನೇದು ನಿಂಗೇ ಕಣೋ ಜಾರ್ಲತ್, ಮೊದಲನೇದು ಮಾತ್ರ ನಮ್ಮಪ್ಪನ ಕಾಲದಿಂದ್ಲೂ ಆ ಪಕ್ಷಕ್ಕೇ" ಎನ್ನುತ್ತಾರೆ. ಅವನು ಕಾರಿಗೆ ಮರಳಿ, "ಈ ಸಲ ಗಾಳಿ ತಿರುಗಿದೆ ಕಣೇ" ಎಂದರೆ, ಹೆಂಡತಿ ಬ್ರೀಡಾ, "ಹೂಂ, ನಿನ್ನ ಟೋಪಿ ಹಾರ್ಸೋಕೆ" ಎನ್ನುತ್ತಾಳೆ. ಸ್ವಂತ ಊರಿನ ಮತಪೆಟ್ಟಿಗೆಯಲ್ಲಿ ಅವನಿಗೆ ಎಂದೂ ಎರಡೇ ಮೊದಲ ಮತ: ಅವನದು ಮತ್ತು ಅವಳದು. ಈ ಸಲ ಬ್ರೀಡಾ ಗುಟ್ಟಾಗಿ, ಊರಿನ ಆಸ್ಪತ್ರೆ ಉಳಿಸಲು ಹೋರಾಡುತ್ತ ತಾನೂ ಚುನಾವಣೆಗೆ ನಿಂತಿದ್ದ ನರ್ಸಿಗೆ ಮೊದಲ ಮತ ಕೊಟ್ಟು ಬಂದಿದ್ದಳು. ಎಣಿಕೆಯ ದಿನ ಆ ಪೆಟ್ಟಿಗೆ ತೆರೆದಾಗ ಅವಳು ಗಂಡನ ಪಕ್ಕಕ್ಕೆ ಸರಿದು ನಿಂತಳು. ಒಂದೇ ಮತ ಬಂದರೆ ಇಲ್ಲದಿರುವುದು ಯಾರದೆಂದು ಗಂಡನಿಗೆ ತಿಳಿದುಹೋಗುತ್ತದೆ. ಎಣಿಕೆಯ ಮೇಜಿನ ಕಟಕಟೆಯಾಚೆಯಿಂದ ಇಣುಕಿ ಪ್ರತಿ ಮತಪತ್ರದ ಮೊದಲ ಮತವನ್ನೂ ತನ್ನ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ ಬೇರೊಂದು ಪಕ್ಷದ ಮುದುಕನೊಬ್ಬ ತಲೆಯೆತ್ತಿ, "ನಿಮ್ಮೂರಿನ ಪೆಟ್ಟಿಗೇಲಿ ನಿಂಗೆ ಮೊದಲ ಮತ ಒಂದೂ ಇಲ್ವಲ್ಲೋ ಜಾರ್ಲತ್" ಎಂದ. ಬ್ರೀಡಾ ಗಂಡನತ್ತ ತಿರುಗಿದಳು. ಜಾರ್ಲತ್ ಟೋಪಿ ತೆಗೆದ. "ಆ ನರ್ಸು ಆಸ್ಪತ್ರೆ ಉಳಿಸ್ತಾಳೆ ಅನ್ನಿಸ್ತು ಕಣೇ" ಎಂದ. "ನಂಗೂ ಹಾಗೇ ಅನ್ನಿಸ್ತು" ಎಂದಳು ಬ್ರೀಡಾ, ಅವನ ಕೋಟಿನ ಮೇಲೆ ಅವನದೇ ಹೆಸರು ಹೊತ್ತಿದ್ದ ಬಿಲ್ಲೆಯನ್ನು ಬಿಚ್ಚುತ್ತ.